ಮಗು ಟಿಪಿಎನ್‌ನಲ್ಲಿದೆ, ಲಿವರ್ ಕಥೆ ಏನು? ಎನ್‌ಐಸಿಯು ಹೊರಗೆ ಕಾಯುತ್ತಿರುವ ಅಪ್ಪ ಅಮ್ಮಂದಿರಿಗೆ

ಟಿಪಿಎನ್ ಅಂದರೆ ರಕ್ತನಾಳದ ಮೂಲಕ ಕೊಡುವ ಊಟ, ಎನ್‌ಐಸಿಯು ಅಂದರೆ ಎಳೆ ಮಕ್ಕಳ ತೀವ್ರ ನಿಗಾ ಘಟಕ. ಅಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತದೆ. "ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದೆ, ಟಿಪಿಎನ್ ಕೊಡ್ತಿದ್ದಾರೆ, ಈಗ ನೋಡಿದ್ರೆ ಅದರಿಂದಲೇ ಲಿವರ್‌ಗೆ ತೊಂದರೆ ಆಗ್ತಿದೆ ಅಂತಾರೆ, ನಿಲ್ಲಿಸಿ ಅಂತ ಹೇಳ್ಲಾ?"

ಹೇಳಬೇಡಿ. ಅದರ ಬದಲು ಮೂರು ವಿಷಯ ಕೇಳಿ. ಇವತ್ತು ಹಾಲು ಎಷ್ಟು ಮಿಲಿ ಹೋಯಿತು? ರಕ್ತದಲ್ಲಿ ಡೈರೆಕ್ಟ್ ಬಿಲಿರುಬಿನ್, ಅಂದರೆ ಪಿತ್ತ ನಿಂತಾಗ ಏರುವ ಕಾಮಾಲೆಯ ಹಳದಿ, ಎಷ್ಟಿದೆ? ಲೈನ್, ಅಂದರೆ ಟಿಪಿಎನ್ ಹೋಗಲು ರಕ್ತನಾಳಕ್ಕೆ ಹಾಕಿದ ಕೊಳವೆ, ಇನ್ನೂ ಬೇಕಾ? ಟಿಪಿಎನ್‌ನಲ್ಲಿರುವ ಮಗುವಿನ ಲಿವರ್ ಬಗ್ಗೆ ಅಪ್ಪ ಅಮ್ಮ ಕೇಳಬೇಕಾದ್ದು ಹೆಚ್ಚುಕಮ್ಮಿ ಈ ಮೂರರಲ್ಲೇ ಇದೆ. ಆದರೆ ಉತ್ತರ ಬಂದಾಗ ಅರ್ಥ ಆಗಬೇಕಲ್ವಾ, ಅದಕ್ಕೇ ಇಷ್ಟುದ್ದ ಬರೆದಿದ್ದೇನೆ. ಇಲ್ಲಿರುವ ಅಂಕಿಗಳು ಡಾಕ್ಟರ್ ಹೇಳಿದ್ದು ತಿಳಿಯಲಿ ಅಂತ. ಇವನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ, ನಿಮ್ಮ ಮಗುವಿನ ಲೆಕ್ಕ ಬೇರೆ ಇರಬಹುದು.

ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು: ತಾರೀಖು, ತೂಕ, ಹಾಲು ಎಷ್ಟು ಮಿಲಿ, ಮಲದ ಬಣ್ಣ. ಜೊತೆಗೆ ಎಲ್‌ಎಫ್‌ಟಿ, ಅಂದರೆ ಲಿವರ್ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುವ ರಕ್ತಪರೀಕ್ಷೆ, ಅದರ ಪ್ರತಿ ರಿಪೋರ್ಟಿನ ಫೋಟೋ. ಆಸ್ಪತ್ರೆ ಬದಲಾಯಿಸಬೇಕಾಗಿ ಬಂದರೆ ಈ ಪುಸ್ತಕದ ಬೆಲೆ ಗೊತ್ತಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟೋ ಸಲ ಕೊನೆಯ ರಿಪೋರ್ಟ್ ಮಾತ್ರ ಇರುತ್ತದೆ.

ಹಂತ 1: ಆ ಬ್ಯಾಗಿನಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಟಿಪಿಎನ್ ಅಂದರೆ ಹೊಟ್ಟೆಯ ದಾರಿ ಬಿಟ್ಟು ನೇರವಾಗಿ ರಕ್ತನಾಳಕ್ಕೆ ಪೂರ್ತಿ ಊಟ ಕೊಡುವುದು. ಇದನ್ನು ಮಾಮೂಲಿ ಗ್ಲೂಕೋಸ್ ಡ್ರಿಪ್ ಅಂದುಕೊಳ್ಳಬೇಡಿ. ಕಿಲೋ ತೂಕಕ್ಕೆ ದಿನಕ್ಕೆ 80 ಮಿಲಿ 10% ಗ್ಲೂಕೋಸ್ ಹಾಕಿದರೂ ಸಿಗುವುದು ಸುಮಾರು 27 ಕ್ಯಾಲೊರಿ. ಅವಧಿಗೆ ಮೊದಲೇ ಹುಟ್ಟಿದ ಮಗು ರಕ್ತನಾಳದ ಊಟದಲ್ಲಿ ಬೆಳೆಯಬೇಕಾದರೆ ಕಿಲೋಗೆ 90ರಿಂದ 120 ಕ್ಯಾಲೊರಿ ಬೇಕು. ಬರೀ ಗ್ಲೂಕೋಸ್‌ನಲ್ಲಿ ಬಿಟ್ಟರೆ ಮಗು ತನ್ನ ಮೈಯ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ.

ಮಗುವಿನ ಪಕ್ಕದ ಪಂಪುಗಳನ್ನು ಸ್ವಲ್ಪ ಗಮನಿಸಿ. ಸಾಮಾನ್ಯವಾಗಿ ಎರಡು ಇರುತ್ತವೆ. ಒಂದರಲ್ಲಿ ತೆಳು ಹಳದಿ ದ್ರವ: ಡೆಕ್ಸ್‌ಟ್ರೋಸ್ ಅನ್ನುವ ಸಕ್ಕರೆ, ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲ, ಸೋಡಿಯಂ, ಕ್ಯಾಲ್ಸಿಯಂನಂಥ ಲವಣ. ಆ ಹಳದಿ ವಿಟಮಿನ್ನಿನದು. ಇನ್ನೊಂದು ಸಿರಿಂಜಿನಲ್ಲಿ ಹಾಲಿನಂತೆ ಬೆಳ್ಳಗಿರುವುದು ಲಿಪಿಡ್, ಅಂದರೆ ಕೊಬ್ಬು. ಅದು ಹಾಲಲ್ಲ. ಎಷ್ಟೋ ಅಜ್ಜಿಯರು ಅದನ್ನು ಹಾಲು ಅಂತಲೇ ತಿಳಿದು ಸಮಾಧಾನಪಟ್ಟುಕೊಂಡಿರುತ್ತಾರೆ!

ಒಂದು ಲೆಕ್ಕ ಹಾಕಿ ನೋಡೋಣ. ಮಗುವಿನ ತೂಕ 1.2 ಕಿಲೋ. ಕೊಬ್ಬು ದಿನಕ್ಕೆ ಕಿಲೋಗೆ 3 ಗ್ರಾಂ ಅಂತ ಬರೆದಿದ್ದಾರೆ. ಒಟ್ಟು 3.6 ಗ್ರಾಂ. 20% ಲಿಪಿಡ್‌ನ 100 ಮಿಲಿಯಲ್ಲಿ 20 ಗ್ರಾಂ ಕೊಬ್ಬು ಇರುವುದರಿಂದ ಇಡೀ ದಿನಕ್ಕೆ 18 ಮಿಲಿ, ಗಂಟೆಗೆ ಮುಕ್ಕಾಲು ಮಿಲಿ. ಅಷ್ಟರಲ್ಲೇ 36 ಕ್ಯಾಲೊರಿ. ಮಗುವಿನ ಮಿದುಳು ಬೆಳೆಯೋಕೆ ಈ ಕೊಬ್ಬು ಬೇಕೇ ಬೇಕು. ಲಿವರ್ ತಕರಾರಿನ ಒಂದು ಎಳೆಯೂ ಇದೇ ಸಿರಿಂಜಿಗೆ ಹೋಗಿ ಸೇರುತ್ತದೆ, ಆಮೇಲೆ ಹೇಳುತ್ತೇನೆ.

ಬ್ಯಾಗಿಗೆ, ಟ್ಯೂಬಿಗೆ ಕಪ್ಪು ಅಥವಾ ಕಂದು ಕವರ್ ಹಾಕಿದ್ದರೆ ಒಳಗೇನಿದೆ ನೋಡೋಣ ಅಂತ ಸರಿಸಬೇಡಿ. ಬೆಳಕು ಬಿದ್ದರೆ ಕೊಬ್ಬು, ವಿಟಮಿನ್ ಕೆಟ್ಟು ಪೆರಾಕ್ಸೈಡ್ ಅನ್ನುವ ಹಾನಿಕರ ವಸ್ತು ಹುಟ್ಟುತ್ತದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬೆಳಕಿನಿಂದ ಮರೆಮಾಡಿಯೇ ಕೊಡಬೇಕು ಅಂತ ಹೇಳಿತು.

ಇಷ್ಟೆಲ್ಲ ತಲೆನೋವಿದ್ದರೂ ಯಾಕೆ ಕೊಡುತ್ತಾರೆ ಅಂದರೆ, ಇದಿಲ್ಲದ ಕಾಲದಲ್ಲಿ ಕರುಳಿಲ್ಲದ ಮಕ್ಕಳು ಹಸಿವಿನಿಂದಲೇ ಹೋಗುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಣ್ಣಕರುಳು ಹೆಚ್ಚೂಕಡಿಮೆ ಬೆಳೆದೇ ಇರದ ಒಂದು ಹೆಣ್ಣು ಮಗುವಿಗೆ ಸ್ಟಾನ್ಲಿ ಡಡ್ರಿಕ್ ಮತ್ತು ಜೊತೆಯವರು ಹೀಗೆ ಊಟ ಕೊಟ್ಟು ಬೆಳೆಸಿ ತೋರಿಸಿದರು. ಟಿಪಿಎನ್‌ನಲ್ಲಿದ್ದ ಮಗುವಿಗೆ ಲಿವರ್ ತೊಂದರೆ ಆದ ವರದಿ ಬಂದಿದ್ದು 1971ರಲ್ಲಿ. ಅಂದರೆ ಈ ಸಮಸ್ಯೆ ಹೊಸದಲ್ಲ, ನಿಮ್ಮ ಡಾಕ್ಟರ್‌ಗೆ ಅಪರಿಚಿತವೂ ಅಲ್ಲ.

ಹಂತ 2: ಲಿವರ್‌ಗೆ ಪೆಟ್ಟು ಎಲ್ಲಿಂದ ಅಂತ ಅರ್ಥ ಮಾಡಿಕೊಳ್ಳಿ

ಹಾಲು ಹೊಟ್ಟೆಗೆ ಬಿದ್ದಾಗ ಕರುಳು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ, ಅವು ಪಿತ್ತಕೋಶವನ್ನು ಹಿಂಡಿ ಪಿತ್ತರಸವನ್ನು ಕರುಳಿಗೆ ಇಳಿಸುತ್ತವೆ. ಬಾಯಿಗೆ ಏನೂ ಇಲ್ಲದಿದ್ದರೆ ಈ ಕರೆಯೇ ಹೋಗುವುದಿಲ್ಲ. ಸೇದದೆ ಬಿಟ್ಟ ಬಾವಿಯ ನೀರಿನ ಹಾಗೆ ಪಿತ್ತರಸ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಹೀಗೆ ಪಿತ್ತ ಲಿವರ್‌ನಲ್ಲೇ ತಡೆದು ನಿಲ್ಲುವುದಕ್ಕೆ ಕೊಲೆಸ್ಟಾಸಿಸ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಪಿಎನ್‌ಎಸಿ, ಪಿಎನ್‌ಎಎಲ್‌ಡಿ, ಐಎಫ್‌ಎಎಲ್‌ಡಿ ಅಂತ ಮೂರು ಥರ ಬರೆದಿರಬಹುದು. ಸೂಕ್ಷ್ಮ ವ್ಯತ್ಯಾಸ ಇದೆ, ಆದರೆ ಗಾಬರಿಯಾಗಿ ಮೂರು ಕಾಯಿಲೆ ಅಂದುಕೊಳ್ಳಬೇಡಿ.

ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಲಿವರ್ ಇನ್ನೂ ಬಲಿತಿರುವುದಿಲ್ಲ. ಕರುಳಿನ ಆಪರೇಷನ್ ಆಗಿದ್ದರೆ, ಎನ್‌ಇಸಿ ಅನ್ನುವ ಕರುಳು ಕೊಳೆಯುವ ಕಾಯಿಲೆ ಬಂದಿದ್ದರೆ ಅಪಾಯ ಜಾಸ್ತಿ. ರಕ್ತಕ್ಕೆ ಸೋಂಕು ಬಂದರೆ ಪಿತ್ತದ ಹರಿವು ಇನ್ನಷ್ಟು ಕುಗ್ಗುತ್ತದೆ. ಸಕ್ಕರೆ ಅತಿಯಾದರೆ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ. ಇನ್ನು ಆ ಬಿಳಿ ಸಿರಿಂಜು: ಹಳೆಯ ಬಗೆಯ ಲಿಪಿಡ್ ಪೂರ್ತಿ ಸೋಯಾ ಎಣ್ಣೆಯದು. ಅದರಲ್ಲಿ ಫೈಟೋಸ್ಟೆರಾಲ್ ಅನ್ನುವ ಗಿಡಮೂಲದ ಕೊಬ್ಬಿನಂಶ ಇದೆ, ಉರಿಯೂತ ಹೆಚ್ಚಿಸಬಲ್ಲ ಒಮೇಗಾ-6 ಜಾಸ್ತಿ, ಕಾಪಾಡುವ ವಿಟಮಿನ್ ಇ ಕಡಿಮೆ.

ನಾಲ್ಕೈದು ದಿನದ ಟಿಪಿಎನ್‌ಗೆ ಇಷ್ಟು ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಎರಡು ವಾರ ದಾಟಿದ ಮೇಲೆ ಈ ಮಾತು ಶುರುವಾಗುವುದು.

ಹಂತ 3: ರಿಪೋರ್ಟಿನ ಸರಿಯಾದ ಸಾಲು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ಬಿಲಿರುಬಿನ್ ಅಂದರೆ ಕಾಮಾಲೆಯ ಹಳದಿ. ಅದರಲ್ಲಿ ಮೂರು ಸಾಲು ಇರುತ್ತದೆ: ಟೋಟಲ್, ಡೈರೆಕ್ಟ್, ಇನ್‌ಡೈರೆಕ್ಟ್. ಹುಟ್ಟಿದ ಮಕ್ಕಳಿಗೆ ಮೊದಲ ವಾರ ಬರುವ, ನೀಲಿ ಲೈಟಿನ ಕೆಳಗೆ ಮಲಗಿಸುವ ಕಾಮಾಲೆ ಇನ್‌ಡೈರೆಕ್ಟ್ ಬಗೆಯದು. ಟಿಪಿಎನ್‌ನಿಂದ ಪಿತ್ತ ನಿಂತಾಗ ಏರುವುದು ಡೈರೆಕ್ಟ್. ಕೆಲವು ಲ್ಯಾಬ್‌ನವರು ಕಾಂಜುಗೇಟೆಡ್ ಅಂತ ಬರೆಯುತ್ತಾರೆ.

ಈ ಉದಾಹರಣೆ ನೋಡಿ. ಮೊದಲ ವಾರ ಟೋಟಲ್ 9, ಡೈರೆಕ್ಟ್ 0.7. ಮೂರನೇ ವಾರ ಟೋಟಲ್ 5, ಡೈರೆಕ್ಟ್ 2.4. ಟೋಟಲ್ ಇಳಿದಿದೆ ಅಂತ ಮನೆಯವರು ಸಿಹಿ ಹಂಚುವುದರಲ್ಲಿರುತ್ತಾರೆ. ಅಸಲಿಗೆ ಲಿವರ್ ಲೆಕ್ಕದಲ್ಲಿ ಇದು ಕೆಟ್ಟ ಸುದ್ದಿ. ಡೈರೆಕ್ಟ್ 1 ಮಿಲಿಗ್ರಾಂ ದಾಟಿದರೆ ಕಾರಣ ಹುಡುಕಬೇಕು. ಎರಡು ವಾರಕ್ಕಿಂತ ಜಾಸ್ತಿ ಟಿಪಿಎನ್ ಆಗಿದ್ದು, ಡೈರೆಕ್ಟ್ 2 ಅಥವಾ ಅದಕ್ಕಿಂತ ಮೇಲಿದ್ದು, ಬೇರೆ ಕಾರಣ ಸಿಗದಿದ್ದರೆ ಸಾಮಾನ್ಯವಾಗಿ ಟಿಪಿಎನ್‌ನ ಕೊಲೆಸ್ಟಾಸಿಸ್ ಅನ್ನುತ್ತಾರೆ. ಒಂದೇ ರಿಪೋರ್ಟ್ ನೋಡಿ ತೀರ್ಮಾನಕ್ಕೆ ಬರಬೇಡಿ, ವಾರ ವಾರದ ಸಾಲನ್ನು ಅಕ್ಕಪಕ್ಕ ಇಟ್ಟು ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ.

ಉಳಿದ ಸಾಲುಗಳು ಚುಟುಕಾಗಿ. ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರ್ ಜೀವಕೋಶಕ್ಕೆ ಪೆಟ್ಟಾದರೆ ಏರುತ್ತವೆ. ಜಿಜಿಟಿ ಪಿತ್ತನಾಳದ ಕಡೆಯದು. ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಅದು ಮೂಳೆ ಸವೆತದಿಂದಲೂ ಇರಬಹುದು, ಇಂಥ ಮಕ್ಕಳಲ್ಲಿ ಅದು ಮಾಮೂಲು. ಪಿಟಿ-ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು. ವಿಟಮಿನ್ ಕೆ ಕೊಟ್ಟ ಮೇಲೂ ಇದು ಸರಿಹೋಗದಿದ್ದರೆ, ಆಲ್ಬುಮಿನ್, ಪ್ಲೇಟ್‌ಲೆಟ್ ಕೂಡ ಬೀಳುತ್ತಿದ್ದರೆ ಆಗ ವಿಷಯ ಗಂಭೀರ.

ಇನ್ನೊಂದು ಮಾತು. ಡೈರೆಕ್ಟ್ ಕಾಮಾಲೆಗೆ ನೀಲಿ ಲೈಟು ಕೆಲಸ ಮಾಡುವುದಿಲ್ಲ, ಮಗುವಿನ ಮೈ ಕಂಚಿನ ಬಣ್ಣಕ್ಕೆ ತಿರುಗಬಹುದು ಅಷ್ಟೇ. ಬೆಳಗಿನ ಎಳೆ ಬಿಸಿಲಿಗೂ ಇದೇ ಮಾತು.

ಹಂತ 4: ಹಾಲು, ಎಷ್ಟೇ ಕಡಿಮೆ ಇರಲಿ

ಲಿವರ್‌ಗೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಿಕ್ಕ ಬದಲಾವಣೆಗಳೆಲ್ಲ ಹಾಲು ಏರುವ ತನಕ ಕಾಲ ತಳ್ಳೋಕೆ.

ಮೊದಮೊದಲು ಕೊಡುವ ಚೂರು ಹಾಲಿಗೆ ಟ್ರೋಫಿಕ್ ಫೀಡ್ ಅನ್ನುತ್ತಾರೆ. ಹೊಟ್ಟೆ ತುಂಬಲಿ ಅಂತ ಅಲ್ಲ, ಕರುಳನ್ನು ಎಚ್ಚರವಾಗಿಡಲಿ ಅಂತ. ಕಿಲೋಗೆ ದಿನಕ್ಕೆ 10ರಿಂದ 20 ಮಿಲಿ. ನಮ್ಮ 1.2 ಕಿಲೋ ಮಗುವಿಗೆ 20ರ ಲೆಕ್ಕದಲ್ಲಿ ದಿನಕ್ಕೆ 24 ಮಿಲಿ, ಎರಡು ಗಂಟೆಗೊಮ್ಮೆ 2 ಮಿಲಿ. "ಎರಡು ಮಿಲಿಗೆ ಏನಾಗುತ್ತೆ ಬಿಡಿ" ಅನ್ನಬೇಡಿ, ಪಿತ್ತಕೋಶಕ್ಕೆ ಕರೆ ಹೋಗುವುದು ಅದರಿಂದಲೇ. ಮಗು ತಡೆದುಕೊಂಡ ಹಾಗೆ ಏರಿಸುತ್ತಾ ಹೋಗಿ, ಕಿಲೋಗೆ 120 ಮಿಲಿಯ ಆಸುಪಾಸಿನಲ್ಲಿ, ಅಂದರೆ ಈ ಮಗುವಿಗೆ ದಿನಕ್ಕೆ 144 ಮಿಲಿ ಆದಾಗ ಸಾಮಾನ್ಯವಾಗಿ ಟಿಪಿಎನ್ ನಿಲ್ಲಿಸುತ್ತಾರೆ.

ನೀವು ಮಾಡಬೇಕಾದ್ದು ಇದು.

ಅಮ್ಮ ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಾಲು ಹಿಂಡಲು ಶುರು ಮಾಡಲಿ. ದಿನಕ್ಕೆ ಎಂಟರಿಂದ ಹತ್ತು ಸಲ, ರಾತ್ರಿ ಒಂದು ಸಲವಾದರೂ ಸೇರಿಸಿ. ಮಗುವಿಗೆ ಇನ್ನೂ ಕೊಡ್ತಿಲ್ಲವಲ್ಲ, ಸುಮ್ನೆ ಯಾಕೆ ಹಿಂಡಬೇಕು ಅಂತ ಬಿಟ್ಟರೆ ಬೇಕಾದಾಗ ಹಾಲು ಬತ್ತಿರುತ್ತದೆ. ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ಚೆಲ್ಲಬೇಡಿ, ಎರಡು ಹನಿ ಬಂದರೂ ಸಿರಿಂಜಿನಲ್ಲಿ ಎಳೆದು ನರ್ಸ್ ಕೈಗೆ ಕೊಡಿ, ಅದನ್ನು ಮಗುವಿನ ಕೆನ್ನೆಯ ಒಳಗೆ ಸವರುತ್ತಾರೆ. ಪ್ರತಿ ಬಾಟಲಿಯ ಮೇಲೆ ಹೆಸರು, ತಾರೀಖು, ಗಂಟೆ ಬರೆಯಿರಿ. ಮನೆಯಿಂದ ತರುವುದಾದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ.

ಬಾಣಂತಿಗೆ ನೀರು ಕೊಡಬಾರದು, ಶೀತ ಆಗುತ್ತದೆ ಅನ್ನುವ ಮನೆಗಳು ಇನ್ನೂ ಇವೆ. ಹಿರಿಯರ ಜೊತೆ ವಾದ ಮಾಡುವಷ್ಟು ಶಕ್ತಿ ಆ ಹೊತ್ತಿನಲ್ಲಿ ಇರುವುದಿಲ್ಲ ಅಂತ ಗೊತ್ತು, ಬಿಸಿನೀರಿನ ಫ್ಲಾಸ್ಕ್ ಪಕ್ಕದಲ್ಲಿ ಇಟ್ಟುಕೊಳ್ಳಿ, ಬಾಯಾರಿದಾಗೆಲ್ಲ ಕುಡಿಯಿರಿ. ಮಗುವನ್ನು ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆಯಿಂದ ಹಾಲು ಹೆಚ್ಚುತ್ತದೆ. ಲೈನ್ ಇದ್ದರೂ ನರ್ಸ್ ಸಹಾಯದಿಂದ ಮಾಡಬಹುದಾ ಅಂತ ಕೇಳಿ.

ಅಮ್ಮನ ಹಾಲು ಸಾಲದಿದ್ದರೆ ಹಾಲಿನ ಬ್ಯಾಂಕ್ ಇದೆಯಾ ಕೇಳಿ. ನಮ್ಮ ದೇಶದಲ್ಲಿ ಮೊದಲನೆಯದು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು, ಈಗ ಬೆಂಗಳೂರಿನ ವಾಣಿ ವಿಲಾಸದಲ್ಲೂ ಇದೆ. ದಾನ ಬಂದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷೆ ಮಾಡಿ ಕೊಡುತ್ತಾರೆ. ಪಕ್ಕದ ಬೆಡ್ಡಿನ ಬಾಣಂತಿಯ ಹಾಲನ್ನು ನೀವೇ ಈಸಿಕೊಂಡು ತರುವುದು ಬೇರೆ ವಿಷಯ, ಅದು ಬೇಡ.

ಹೊಟ್ಟೆ ಉಬ್ಬಿದೆ, ಹಸಿರು ವಾಂತಿಯಾಗಿದೆ, ಮಲದಲ್ಲಿ ರಕ್ತ ಇದೆ ಅಂತ ಹಾಲು ನಿಲ್ಲಿಸಿದರೆ ಒತ್ತಾಯ ಮಾಡಬೇಡಿ. ಅದು ಎನ್‌ಇಸಿ ಲಕ್ಷಣ ಇರಬಹುದು. "ಮತ್ತೆ ಯಾವಾಗ ಶುರು ಮಾಡ್ತೀರಿ" ಅಂತ ಮಾತ್ರ ಮರುದಿನ ಕೇಳಿ. ನಿಲ್ಲಿಸಿದ ಹಾಲು ಕಾರಣವಿಲ್ಲದೆ ಹಾಗೇ ನಿಂತುಬಿಡಬಾರದು.

ಹಂತ 5: ಲೈನ್ ಮತ್ತು ನಿಮ್ಮ ಕೈ

ಟಿಪಿಎನ್ ಹೋಗುವುದು ಹೆಚ್ಚಾಗಿ ಪಿಐಸಿಸಿ ಲೈನ್‌ನಲ್ಲಿ, ಅಂದರೆ ಕೈ ಅಥವಾ ಕಾಲಿನ ನಾಳದಿಂದ ಹೃದಯದ ಹತ್ತಿರದ ದೊಡ್ಡ ನಾಳದವರೆಗೆ ತೂರಿಸಿದ ಕೂದಲೆಳೆಯಂಥ ಕೊಳವೆ. ಅಲ್ಲಿ ಸೋಂಕು ಬಂದರೆ ನೇರವಾಗಿ ರಕ್ತಕ್ಕೆ. ಒಂದು ಸೋಂಕು ಬಂದುಹೋದರೆ ಡೈರೆಕ್ಟ್ ಏರುತ್ತದೆ, ಹಾಲು ನಿಲ್ಲುತ್ತದೆ, ಟಿಪಿಎನ್ ಮುಂದುವರಿಯುತ್ತದೆ. ಪೂರ್ತಿ ಹಿಂದಕ್ಕೆ ಹೋದ ಹಾಗೆ.

ಬಳೆ, ಉಂಗುರ, ವಾಚು, ಕೈಗೆ ಕಟ್ಟಿದ ದಾರ ಎಲ್ಲ ಬಿಚ್ಚಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಫೋನ್ ಮುಟ್ಟಿದರೆ ಮತ್ತೆ ಕೈಗೆ ಸ್ಯಾನಿಟೈಸರ್. ಶೀತ, ಕೆಮ್ಮು ಇರುವ ಚಿಕ್ಕಮ್ಮ ದೊಡ್ಡಪ್ಪಂದಿರು ಹೊರಗೇ ಇರಲಿ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೆ, ಒದ್ದೆಯಾಗಿದ್ದರೆ, ಕೈಕಾಲು ಊದಿದ್ದರೆ ನೀವು ಸರಿ ಮಾಡಲು ಹೋಗದೆ ನರ್ಸ್‌ಗೆ ಹೇಳಿ.

ಹಂತ 6: ಡೈರೆಕ್ಟ್ ಏರಿದರೆ ಏನೇನು ಬದಲಾಗಬಹುದು

ಮೊದಲು ಕೊಬ್ಬು. ಸೋಯಾ ಲಿಪಿಡ್ ಅನ್ನು ಕಿಲೋಗೆ 1 ಗ್ರಾಂಗೆ ಇಳಿಸುವುದು ಒಂದು ದಾರಿ. ಆದರೆ ಕ್ಯಾಲೊರಿ ಕಮ್ಮಿಯಾಗುತ್ತದೆ, ದೇಹ ತಾನೇ ತಯಾರಿಸಲಾಗದ ಅಗತ್ಯ ಕೊಬ್ಬಿನಾಮ್ಲಗಳ ಕೊರತೆ ಬರಬಹುದು, ಹಾಗಾಗಿ ತೂಕದ ಮೇಲೆ ಕಣ್ಣಿಟ್ಟೇ ಮಾಡಬೇಕು. ಇನ್ನೊಂದು ದಾರಿ ಸ್ಮಾಫ್‌ಲಿಪಿಡ್‌ನಂಥ ಮಿಶ್ರಣ: ಸೋಯಾ 30%, ಮಧ್ಯಮ ಸರಪಣಿಯ ಕೊಬ್ಬು 30%, ಆಲಿವ್ 25%, ಮೀನೆಣ್ಣೆ 15%. ಅವಧಿಪೂರ್ವ ಮಕ್ಕಳಲ್ಲಿ ಲಿವರ್ ತೊಂದರೆಯನ್ನು ಬರದಂತೆಯೇ ತಡೆಯುತ್ತದೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ದುಬಾರಿ ಬಾಟಲಿ ಬರೆಸಿಕೊಂಡ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಮೂರನೆಯದು ಪೂರ್ತಿ ಮೀನೆಣ್ಣೆಯ ಒಮೆಗಾವೆನ್. 2006ರಲ್ಲಿ ಬೋಸ್ಟನ್ ಮಕ್ಕಳ ಆಸ್ಪತ್ರೆಯವರು ಎರಡು ಮಕ್ಕಳಲ್ಲಿ ಕೊಲೆಸ್ಟಾಸಿಸ್ ಇಳಿದದ್ದನ್ನು ವರದಿ ಮಾಡಿದರು, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟಿಪಿಎನ್‌ನಿಂದ ಕೊಲೆಸ್ಟಾಸಿಸ್ ಆದ ಮಕ್ಕಳಿಗೆ ಒಪ್ಪಿಗೆ ಕೊಟ್ಟಿತು, ದಿನಕ್ಕೆ ಕಿಲೋಗೆ 1 ಗ್ರಾಂ. ಇದು ತೊಂದರೆ ಬಂದ ಮೇಲಿನ ಚಿಕಿತ್ಸೆ, ಎಲ್ಲ ಮಕ್ಕಳಿಗೂ ಮೊದಲೇ ಹಾಕಿಸುವಂಥದ್ದಲ್ಲ. ಮೀನೆಣ್ಣೆ ಅಂದ ತಕ್ಷಣ ಸಸ್ಯಾಹಾರಿ ಮನೆಗಳಲ್ಲಿ ಗೊಂದಲ ಆಗುತ್ತದೆ. ಸೋಯಾ ಲಿಪಿಡ್‌ನಲ್ಲೂ ಸಾಮಾನ್ಯವಾಗಿ ಮೊಟ್ಟೆಯ ಅಂಶ ಇರುತ್ತದೆ, ಅದನ್ನೂ ತಿಳಿದುಕೊಂಡೇ ಡಾಕ್ಟರ್ ಜೊತೆ ಮಾತಾಡಿ.

ಸ್ವಲ್ಪ ದೊಡ್ಡದಾದ, ಸಕ್ಕರೆ ಮಟ್ಟ ಸ್ಥಿರವಾಗಿರುವ ಮಕ್ಕಳಿಗೆ ದಿನದಲ್ಲಿ ಕೆಲವು ಗಂಟೆ ಟಿಪಿಎನ್ ನಿಲ್ಲಿಸಿ ಲಿವರ್‌ಗೆ ಬಿಡುವು ಕೊಡುವುದುಂಟು, ಸೈಕ್ಲಿಂಗ್ ಅಂತಾರೆ. ತಾಮ್ರ, ಮ್ಯಾಂಗನೀಸ್ ಪಿತ್ತದ ಮೂಲಕವೇ ಹೊರಹೋಗುವುದರಿಂದ ಅವುಗಳ ಪ್ರಮಾಣವನ್ನೂ ನೋಡುತ್ತಾರೆ. ಆದರೆ ತಾಮ್ರವನ್ನು ಪೂರ್ತಿ ಕೈಬಿಟ್ಟರೆ ಅದರ ಕೊರತೆಯೇ ಇನ್ನೊಂದು ಕಾಯಿಲೆ. ಅರ್ಸೋ ಅನ್ನುವ ಪಿತ್ತ ತೆಳುಮಾಡುವ ಔಷಧಿಯನ್ನು ತುಂಬಾ ಕಡೆ ಬರೆಯುತ್ತಾರೆ. ಬಾಯಿಂದ ಕೊಡುವಂಥದ್ದು, ಉಪಯೋಗದ ಪುರಾವೆ ಅಷ್ಟಕ್ಕಷ್ಟೇ.

ಹಂತ 7: "ಟಿಪಿಎನ್‌ನಿಂದಲೇ" ಅಂತ ಬೇಗ ಒಪ್ಪಿಕೊಳ್ಳಬೇಡಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಟಿಪಿಎನ್‌ನಲ್ಲಿದ್ದ ಮಗುವಿಗೂ ಬಿಲಿಯರಿ ಅಟ್ರೀಸಿಯಾ ಇರಬಹುದು, ಅಂದರೆ ಲಿವರ್‌ನಿಂದ ಕರುಳಿಗೆ ಹೋಗುವ ಪಿತ್ತನಾಳವೇ ಮುಚ್ಚಿಹೋಗಿರುವುದು. ಅದಕ್ಕೆ ಕಸಾಯಿ ಆಪರೇಷನ್ ಇದೆ, ಜಪಾನಿನ ಸರ್ಜನ್ ಮೋರಿಯೋ ಕಸಾಯಿ ಕಂಡುಹಿಡಿದದ್ದು. ಮಗುವಿಗೆ 60 ದಿನ ತುಂಬುವ ಮೊದಲೇ ಆದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಲಿವರ್ ಕಸಿಯ ಕಡೆಗೆ ಹೋಗುತ್ತದೆ. "ಟಿಪಿಎನ್ ನಿಲ್ಲಿಸಿದ ಮೇಲೆ ಸರಿಹೋಗುತ್ತೆ ಬಿಡಿ" ಅನ್ನುತ್ತಾ ಕೂತರೆ ಆ 60 ದಿನ ಜಾರಿಹೋಗಿರುತ್ತದೆ.

ಮಲದ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ, ಎನ್‌ಐಸಿಯು ಟ್ಯೂಬ್‌ಲೈಟ್ ಕೆಳಗೆ ಬಣ್ಣ ಮೋಸ ಮಾಡುತ್ತದೆ. ಸಾಸಿವೆ ಹಳದಿ, ಹಸಿರು, ಕಂದು ಪರವಾಗಿಲ್ಲ. ಸುಣ್ಣದ ಬಿಳುಪು, ಜೇಡಿಮಣ್ಣಿನ ಬೂದು, ತೀರಾ ಮಾಸಲು ಹಳದಿ ಇದ್ದರೆ ಡೈಪರ್ ಪಕ್ಕ ಬಿಳಿ ಹಾಳೆ ಇಟ್ಟು ಫೋಟೋ ತೆಗೆದು ಅವತ್ತೇ ತೋರಿಸಿ. ಎಳೆ ಮಗುವಿನ ಮೂತ್ರಕ್ಕೆ ಹೆಚ್ಚುಕಮ್ಮಿ ಬಣ್ಣವೇ ಇರಬಾರದು. ಬಟ್ಟೆಗೆ ಗಾಢ ಹಳದಿ ಕಲೆ ಹಿಡಿಯುತ್ತಿದ್ದರೆ ಅದನ್ನೂ ಹೇಳಿ. ಹೊಟ್ಟೆಯ ಸ್ಕ್ಯಾನ್, ಥೈರಾಯ್ಡ್, ಮೂತ್ರದ ಸೋಂಕು, ಸಿಎಂವಿ ವೈರಸ್, ಹಾಲಿನ ಸಕ್ಕರೆಯಲ್ಲಿರುವ ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಗ್ಯಾಲಕ್ಟೋಸೀಮಿಯಾ, ಇವನ್ನೆಲ್ಲ ನೋಡಿದ್ದೀರಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮಕ್ಕಳ ಲಿವರ್ ತಜ್ಞರಿಗೆ ಒಮ್ಮೆ ತೋರಿಸೋಣವಾ ಅಂದರೆ ಒಳ್ಳೆ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 8: ಮನೆಗೆ ಬಂದ ಮೇಲೆ

ಟಿಪಿಎನ್ ನಿಂತ ಮರುದಿನವೇ ಕಣ್ಣಿನ ಹಳದಿ ಹೋಗುವುದಿಲ್ಲ. ಡೈರೆಕ್ಟ್ ಇಳಿಯೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಶುರುವಿನಲ್ಲಿ ಸ್ವಲ್ಪ ಏರಿದರೂ ಏರಬಹುದು. ಪೂರ್ತಿ ಹಾಲು ಕುಡಿಯುವ ಮಕ್ಕಳಲ್ಲಿ ಬಹುತೇಕ ಸರಿಹೋಗುತ್ತದೆ. ಕರುಳು ತುಂಬಾ ಕತ್ತರಿಸಿದ ಮಕ್ಕಳ ದಾರಿ ಉದ್ದ, ಅವರಿಗೆ ಕರುಳಿನ ಪುನಶ್ಚೇತನದಲ್ಲಿ ಅನುಭವ ಇರುವ ದೊಡ್ಡ ಆಸ್ಪತ್ರೆಯ ನಂಟು ಬೇಕು.

ಪಿತ್ತ ಸರಿಯಾಗಿ ಇಳಿಯದಿದ್ದರೆ ಎ, ಡಿ, ಇ, ಕೆ ವಿಟಮಿನ್ ಮೈಗೆ ಹತ್ತುವುದಿಲ್ಲ. ಹಾಗಾಗಿ ಬರೆದುಕೊಟ್ಟ ಡ್ರಾಪ್ಸ್ ಅನ್ನು ಹಳದಿ ಹೋಯಿತು ಅಂತ ನೀವೇ ನಿಲ್ಲಿಸಬೇಡಿ. ತೂಕ ಏರದಿದ್ದರೆ ಪಿತ್ತ ಇಲ್ಲದೆಯೂ ಜೀರ್ಣವಾಗುವ ಎಂಸಿಟಿ ಎಣ್ಣೆ ಅಥವಾ ಅದಿರುವ ಹಾಲಿನಪುಡಿ ಸೇರಿಸಬಹುದು, ಎಷ್ಟು ಅಂತ ಡಾಕ್ಟರ್ ಹೇಳಲಿ.

ಇನ್ನು ಕಾಮಾಲೆ ಅಂದ ಕೂಡಲೇ ನೆಲನೆಲ್ಲಿ ರಸ, ಬಜೆ ತೇಯ್ದದ್ದು, ಜೇನು, ಹರಳೆಣ್ಣೆ ಹಿಡಿದು ಬರುವವರಿಗೆ ಕೊರತೆ ಇಲ್ಲ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಸೋತ ಲಿವರ್‌ಗೆ ಇದೆಲ್ಲ ಹೊರೆ, ಜೇನು ಒಂದು ವರ್ಷದೊಳಗಿನ ಯಾವ ಮಗುವಿಗೂ ಕೂಡದು. ಕೈಗೆ ಬರೆ ಹಾಕಿಸುವ ಮಾತು ಬಂದರೆ ಮಗುವನ್ನು ಎತ್ತಿಕೊಂಡು ಎದ್ದುಬಿಡಿ. "ಡಾಕ್ಟರ್ ಬೈತಾರೆ ಅತ್ತೆ" ಅಂದರೆ ಮನೆಯ ಶಾಂತಿಗೂ ಧಕ್ಕೆ ಇಲ್ಲ.

ಮೂಗು, ಹೊಕ್ಕಳು, ಮಲ, ಚುಚ್ಚಿದ ಜಾಗ, ಎಲ್ಲಿಂದ ರಕ್ತ ಬಂದರೂ, ಹೊಟ್ಟೆ ಊದಿದರೂ, ಮಲ ಬೆಳ್ಳಗಾದರೂ, ಜ್ವರ ಬಂದರೂ, ಮೈ ತಣ್ಣಗಾದರೂ, ಹಾಲು ಬಿಟ್ಟು ಸುಮ್ನೆ ಮಲಗಿದರೂ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಡಿಸ್ಚಾರ್ಜ್ ಆಗುವ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಇದೊಂದು ಮರೆಯಬೇಡಿ: ಮುಂದಿನ ಎಲ್‌ಎಫ್‌ಟಿ ಯಾವ ತಾರೀಖು, ಯಾವ ಲ್ಯಾಬಿನಲ್ಲಿ, ರಿಪೋರ್ಟ್ ಯಾರಿಗೆ ಕಳಿಸಬೇಕು ಅಂತ ಬರೆಸಿಕೊಂಡು, ರಾತ್ರಿ ಹೊತ್ತು ಎತ್ತುವ ಒಂದು ಫೋನ್ ನಂಬರ್ ಈಸಿಕೊಂಡು ಹೊರಡಿ.